ಗುಡ್ಡಕ್ಕಲ್ಲ, ಸಮುದ್ರ ನೋಡಾಕ



ಹೋದ ಎರಡನೇ ಶನಿವಾರ ಮಂಗಳೂರಿಗೆ ಹೋಗಿ ಬಂದ ಫೋಟೋ ಹಾಕಿದ್ದೆ. ನಾನು, ಅವ್ವ, ಹೆಂಡತಿ, ಮಗಳು. ತಣ್ಣೀರುಬಾವಿ ದಂಡೆಯಲ್ಲಿ ಅವ್ವ ಸೀರೆ ಮೊಳಕಾಲ ಮಟ ಎತ್ತಿ ಹಿಡಿದು ನಿಂತ ಫೋಟೋಕ್ಕೆ ಬಾಳ ಮಂದಿ ಲೈಕ್ ಒತ್ತಿದ್ರಿ, ಖುಷಿ ಆತು. ಆದರೆ ಒಬ್ಬ ಸಂಗಾತಿ, ಹೆಸರು ಬ್ಯಾಡ, ಕೆಳಗೆ ಬರೆದಿದ್ದ: "ಅಣ್ಣಾ, ನಾವಿಲ್ಲಿ ಸ್ಮಶಾನದ ಜಾಗಾಕ್ಕ ಧರಣಿ ಕುಂತೇವಿ, ನೀವು ಬೀಚ್‌ನ್ಯಾಗ ಐಸ್‌ಕ್ರೀಮ್ ತಿನ್ನಾಕತ್ತೀರಿ." ಹಿಂದೆ ನಗುವ ಮುಖ ಹಾಕಿದ್ದ. ನಗುವ ಮುಖ ಹಾಕಿದ್ರೂ ಮಾತು ಮಾತೇ.

ಆ ಧರಣಿಗೆ ನಾನೂ ಎರಡು ದಿನ ಕೂತು ಬಂದಿದ್ದೇನೆ, ಅದು ಅವನಿಗೂ ಗೊತ್ತು. ಚುಚ್ಚಿದ್ದು ಬೇರೆ. ಸುಮ್ಮನೆ ತಿರುಗಾಡಿ ಬರುವುದು ನಮ್ಮಂಥವರ ಕೆಲಸ ಅಲ್ಲ ಅನ್ನೋ ಹೇಳಿಕೆ ಊರ ಗೌಡ್ರ ಬಾಯಿಂದ ಬಂದಿದ್ರೆ ನಾವೆಲ್ಲ ಸೇರಿ ತರಾಟೆಗೆ ತಗೋತಿದ್ವಿ. ನಮ್ಮ ಬಾಯಿಂದಲೇ ಬಂದಾಗ ಏನು ಮಾಡೋದು? ಅದಕ್ಕೇ ಬರೆಯಲು ಕೂತೆ. ಉದ್ದ ಆಗ್ತದ, ಚಹಾ ಕುಡಕೋತ ಓದ್ರಿ.

ಅವ್ವನಿಗೆ ಎಪ್ಪತ್ತರ ಆಸುಪಾಸು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು ಜನವರಿ 1 ಅಂತ ಇದೆ. ನಮ್ಮ ಕೇರಿಯ ಅರ್ಧ ಮಂದಿ ಹುಟ್ಟಿದ್ದು ಜನವರಿ 1ಕ್ಕೇ. ಇಷ್ಟು ವರ್ಷದಲ್ಲಿ ಆಕಿ ಎಲ್ಲೆಲ್ಲಿಗೆ ಹೋಗಿದ್ದಾಳೆ ಅಂತ ರಾತ್ರಿ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ, ಮೊದಲು ಚಕ್ಕಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ. ಕಬ್ಬು ಕಡಿಯಲು ಕೊಲ್ಲಾಪುರ, ಸಾಂಗ್ಲಿ ಕಡೆ ಹಲವು ವರ್ಷ. ಅಪ್ಪನ ಕಾಯಿಲೆಗೆ ಹುಬ್ಬಳ್ಳಿ ದವಾಖಾನೆ. ನಾನು ಸಂಘಟನೆಗೆ ಬಂದ ಮೇಲೆ ಒಂದು ಸಲ ನಾಗಪುರದ ದೀಕ್ಷಾಭೂಮಿ. ನಡುವೆ ಒಂದು ವರ್ಷ ಗೋವಾದಲ್ಲಿ ಕಟ್ಟಡದ ಕೆಲಸ, ನಾಲ್ಕು ತಿಂಗಳು. ಗೋವಾದಲ್ಲಿ ನಾಲ್ಕು ತಿಂಗಳಿದ್ದ ಹೆಣ್ಣುಮಗಳು ಸಮುದ್ರ ನೋಡಿರಲಿಲ್ಲ. ಯಾಕವ್ವಾ ಅಂದ್ರೆ, "ಶೆಡ್ಡಿನಿಂದ ಕೆಲಸಕ್ಕ, ಕೆಲಸದಿಂದ ಶೆಡ್ಡಿಗೆ. ಸಮುದ್ರ ಐತಿ ಐತಿ ಅಂತಿದ್ರು ಮಂದಿ" ಅಂದ್ಲು. ಹರಕೆ, ಕೂಲಿ, ದವಾಖಾನೆ, ಸಮಾವೇಶ. ಏನೂ ಕೆಲಸ ಇಲ್ಲದೆ, ನೋಡಿ ಬರೋಣ ಅಂತ ಒಂದು ಊರಿಗೆ ಆಕಿ ಹೋಗಿರಲೇ ಇಲ್ಲ.

ನನ್ನದೂ ಹೆಚ್ಚು ಕಡಿಮೆ ಅಷ್ಟೇ. ಏಳನೇತ್ತಾದಾಗ ಶಾಲೆಯಿಂದ ಪ್ರವಾಸ ಹೊರಟಿತ್ತು, ರೊಕ್ಕ ಕೊಡಲು ಆಗಲಿಲ್ಲ. ಆ ಮೂರು ದಿನ ಅವ್ವನ ಜೊತೆ ಹತ್ತಿ ಬಿಡಿಸಲು ಹೋದೆ. ಬಂದ ಹುಡುಗರು ಸಮುದ್ರದ ನೀರು ಉಪ್ಪು ಇರ್ತದ ಅಂತ ಹೇಳಿದ್ರು. ಬೈಲಹೊಂಗಲದ ಎರಿಮಣ್ಣಿನಲ್ಲಿ ಬೆಳೆದವನಿಗೆ ಅದು ಸುಳ್ಳು ಅನ್ನಿಸಿತ್ತು.

ಈಗ ಹೋಗೋದು ಸಾಧ್ಯ ಆದದ್ದಕ್ಕೆ ಒಂದು ಕಾರಣ ಇದೆ, ಅದನ್ನು ಮುಚ್ಚಿಡಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ನಾಲ್ಕು ಮಂದಿಯಲ್ಲಿ ಮೂರು ಮಂದಿಗೆ ಟಿಕೆಟ್ ಸೊನ್ನೆ. ಹುಬ್ಬಳ್ಳಿಯಲ್ಲಿ ಕೆಂಪು ಬಸ್ ಹತ್ತಿ ಯಲ್ಲಾಪುರ, ಅಂಕೋಲಾ, ಕುಮಟಾ ಮೇಲೆ ಹಾಸಿ ಹೋದ್ವಿ. ಹೆಣ್ಣುಮಕ್ಕಳು ಪುಕ್ಕಟೆ ಬಸ್ ಹತ್ತಿ ಧರ್ಮಸ್ಥಳ, ಗುಡ್ಡ ಸುತ್ತಾಕತ್ಯಾರ ಅಂತ ಆಡಿಕೊಳ್ಳುವವರು ನಮ್ಮ ಕಚೇರಿಯಲ್ಲೂ ಇದ್ದಾರೆ. ಸುತ್ತಲಿ ಬಿಡ್ರೀ. ಅವರ ಮನೆಯ ಹೆಣ್ಣುಮಕ್ಕಳು ಕಾರಿನಲ್ಲಿ ಸುತ್ತಿದಾಗ ಯಾರೂ ಲೆಕ್ಕ ಕೇಳಿರಲಿಲ್ಲ.

ಮಂಗಳೂರೇ ಯಾಕೆ ಅಂದ್ರೆ, ಹಂಚಿನ ಸಲುವಾಗಿ. ನಾನು ಕಲಿತ ಶಾಲೆಗೆ ಮಂಗಳೂರು ಹಂಚು ಹಾಕಿದ್ದರು. ನಮ್ಮ ಕಡೆಯ ಹಳೆ ಶಾಲೆ, ಹಳೆ ಕಚೇರಿ, ಉಳ್ಳವರ ಮನೆ ಬಹುತೇಕ ಅದೇ ಹಂಚು. ಒಳಗಿನಿಂದ ತಲೆ ಎತ್ತಿದರೆ ಇಂಗ್ಲಿಷ್ ಅಕ್ಷರದ ಅಚ್ಚು ಕಾಣುತ್ತಿತ್ತು. ಅರ್ಥ ಆಗದ ಕಾಲಕ್ಕೇ ಆ ಅಕ್ಷರ ಪಾಟಿಯ ಮೇಲೆ ತಿದ್ದಿದ್ದೆ. ಹಂಚು ಒಡೆದು ಸೋರುವ ಮೂಲೆ ನಮ್ಮ ಕೇರಿ ಹುಡುಗರದ್ದು, ಅದಕ್ಕೇ ಮೇಲೆ ನೋಡುವುದು ಹೆಚ್ಚು. ಬಹಳ ವರ್ಷದ ಮೇಲೆ ಗೊತ್ತಾಯಿತು, ಅದು ಬಾಸೆಲ್ ಮಿಶನ್ನಿನ ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅವರು ಮೊದಲ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ನದಿಯ ದಂಡೆಯ ಮಣ್ಣು. ಕ್ರೈಸ್ತರಾದವರಿಗೆ ಊರೊಳಗಿನ ಹಳೆ ಕೆಲಸ ತಪ್ಪುತ್ತಿತ್ತು, ಹೊಟ್ಟೆಗೆ ದಾರಿ ಬೇಕಿತ್ತು, ಅದಕ್ಕೇ ನೇಯ್ಗೆ, ಅಚ್ಚುಕೂಟ, ಹಂಚು. ಬಂದರಿನಿಂದ ಹಡಗು ಹತ್ತಿ ಆ ಹಂಚು ಎಲ್ಲೆಲ್ಲಿಗೋ ಹೋಯಿತು. ನಮ್ಮ ಧಾರವಾಡದಲ್ಲಿ ಇದ್ದು ಹೋದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿದ್ದೂ ಇಲ್ಲೇ. ನಿಘಂಟಿನ ಹೆಸರು ಹೇಳುವವರು ಬಾಳ ಮಂದಿ. ಮಣ್ಣು ತುಳಿದವರ ಹೆಸರು ಹೇಳುವವರನ್ನು ನಾನು ನೋಡಿಲ್ಲ.

ಬೆಳಿಗ್ಗೆ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲೇ ಮುಖ ತೊಳೆದು, ಬುತ್ತಿ ಬಿಚ್ಚಿದ್ವಿ. ಕಟಕ ರೊಟ್ಟಿ, ಗುರೆಳ್ಳು ಹಿಂಡಿ. ಹತ್ತಿರವೇ ಕದ್ರಿ ಇತ್ತು, ಮೊದಲು ಅಲ್ಲಿಗೆ.

ಕದ್ರಿ ಮಂಜುನಾಥನ ಗುಡಿಗೆ ನಾನು ಹೋದದ್ದು ಕೈ ಮುಗಿಯಲು ಅಲ್ಲ. ಅಲ್ಲೊಂದು ಲೋಕೇಶ್ವರನ ಕಂಚಿನ ವಿಗ್ರಹ ಇದೆ, ಮೂರು ಮುಖದ್ದು. ಕೆಳಗಿನ ಶಾಸನದ ಪ್ರಕಾರ ಕ್ರಿ.ಶ. 968ರಲ್ಲಿ ಆಳುಪರ ರಾಜ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ. ವಿಹಾರ ಅನ್ನೋ ಪದ ನೋಡ್ರಿ. ಇದು ಬೌದ್ಧರ ಅವಲೋಕಿತೇಶ್ವರ ಅಂತ ಒಂದಿಷ್ಟು ವಿದ್ವಾಂಸರು, ಅಲ್ಲ, ಆ ಹೊತ್ತಿಗೆ ನಾಥಪಂಥ, ಶೈವ ಎಲ್ಲ ಬೆರೆತಿತ್ತು ಅಂತ ಇನ್ನೊಂದಿಷ್ಟು. ಶಾಸನದಲ್ಲಿ ರಾಜ ತನ್ನನ್ನು ಶಿವನ ಭಕ್ತ ಅಂತಲೇ ಹೇಳಿಕೊಂಡಿದ್ದಾನೆ, ಅದನ್ನೂ ಮರೆಮಾಚಬಾರದು. ನಮ್ಮವರು ಕೆಲವು ಸಲ ಅರ್ಧ ಶಾಸನ ಓದಿ ಭಾಷಣ ಮಾಡ್ತಾರೆ. ನನ್ನ ಮಟ್ಟಿಗೆ ಸಾವಿರ ವರ್ಷದ ಹಿಂದೆ ಈ ಗುಡ್ಡಕ್ಕೆ ವಿಹಾರ ಅನ್ನುತ್ತಿದ್ದರು ಅನ್ನೋದೇ ಸಾಕು. ಇದನ್ನೆಲ್ಲ ಮಗಳಿಗೆ ಹೇಳಿಕೊಂಡು ಒಳಗೆ ಹೋಗಿ ತಿರುಗಿ ನೋಡಿದರೆ ಅವ್ವ ಇಲ್ಲ.

ಹೊರಗೆ ಬಂದೆ. ಚಪ್ಪಲಿ ಬಿಟ್ಟ ಜಾಗದಲ್ಲೇ ಕಟ್ಟೆಗೆ ಆತು ನಿಂತಿದ್ದಳು. "ನೀವು ನೋಡಿ ಬರ್ರಿ, ನಾ ಇಲ್ಲೇ ಇರ್ತೀನಿ." ಯಾರೂ ತಡೆದಿರಲಿಲ್ಲ. ಅಲ್ಲಿದ್ದ ಒಬ್ಬರಿಗೂ ನಾವು ಯಾರು ಅಂತ ಗೊತ್ತಿರಲಿಲ್ಲ. ನಾಲ್ಕುನೂರು ಕಿಲೋಮೀಟರ್ ಹತ್ತಿರ ದೂರ ಬಂದರೂ ಆಕಿ ಕಾಲು ಊರ ಗುಡಿಯ ಹೊರಗಿನ ಗೆರೆಯಲ್ಲೇ ನಿಂತಿತ್ತು. ಮಗಳು ಹೋಗಿ ಕೈ ಹಿಡಿದು "ಆಯಿ, ಬಾ, ಬುದ್ಧನ್ನ ನೋಡೋಣ" ಅಂದಾಗ ಒಳಗೆ ಬಂದ್ಲು. ಬುದ್ಧ ಅಂದದ್ದು ಇತಿಹಾಸದ ಪ್ರಕಾರ ಸರಿಯೋ ತಪ್ಪೋ, ನಾನು ತಿದ್ದಲಿಲ್ಲ.

ಆಮೇಲೆ ಬಾವುಟಗುಡ್ಡ. 1837ರಲ್ಲಿ ಕೊಡಗು, ಸುಳ್ಯ ಕಡೆಯಿಂದ ಬಂದ ರೈತರು ಮಂಗಳೂರು ಹಿಡಿದು ಕಂಪನಿ ಬಾವುಟ ಇಳಿಸಿದ ಜಾಗ. ನಮ್ಮ ಕಿತ್ತೂರು 1824, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831, ಅದರ ಆರು ವರ್ಷಕ್ಕೆ ಇದು. ಪಕ್ಕದಲ್ಲೇ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬಾ ಚಿತ್ರ, 1899ರಿಂದ ಎರಡು-ಮೂರು ವರ್ಷ ಇಟಲಿಯ ಮೊಸ್ಕೇನಿ ಅನ್ನೋ ಜೆಸ್ವಿಟ್ ಬ್ರದರ್ ಬರೆದದ್ದು. ಕತ್ತು ನೋಯುವ ತನಕ ನೋಡಿದ್ವಿ. ಅವ್ವ ಕೇಳಿದ್ದು ಒಂದೇ: "ಅಷ್ಟು ಮ್ಯಾಲ ಹೆಂಗ ಹತ್ತಿದ್ದಾ? ಕೆಳಗ ಬಿದಿರು ಕಟ್ಟಿದವರು ಯಾರು?" ಗಾರೆ ಕೆಲಸ ಮಾಡಿದವರಿಗೆ ಬರುವ ಪ್ರಶ್ನೆ ಅದು.

ಆಟೋದಲ್ಲಿ ಹೋಗುವಾಗ ಅಲ್ಲಲ್ಲಿ ಕಂಬಳದ ಕೋಣ, ಯಕ್ಷಗಾನ, ದೈವದ ವೇಷದ ಚಿತ್ರ ಕಂಡವು. 'ಕಾಂತಾರ' ಬಂದ ಮೇಲೆ ದೈವದ ಮುಖ ಇಡೀ ದೇಶಕ್ಕೇ ಗೊತ್ತು. ಕೋಲ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು, ಅಂದ್ರೆ ನಮ್ಮವರೇ. ಮೈಮೇಲೆ ಬಂದಾಗ ಗುತ್ತಿನ ಯಜಮಾನನೂ ಕೈ ಮುಗಿದು ನಿಲ್ಲುತ್ತಾನೆ. ಬಣ್ಣ ತೊಳೆದ ಮೇಲೆ ಆ ಮನುಷ್ಯ ಎಲ್ಲಿ ಕೂರುತ್ತಾನೆ ಅನ್ನೋದನ್ನ ನಾವು ಸವದತ್ತಿ ಕಡೆಯವರು ಕೇಳದೇ ಹೇಳಬಹುದು. ಹುಣ್ಣಿಮೆ ದಿನ ಜೋಗತಿ ಕಾಲಿಗೆ ಬೀಳ್ತಾರ, ಮರುದಿನ ಆಕಿ ಕೊಡ ಬಾವಿಗೆ ಬಿಡೂದಿಲ್ಲ. ಇನ್ನು ಕೊರಗರದ್ದು ಬೇರೆಯೇ ಸಂಕಟ. ಅಜಲು ಅಂತ ಒಂದು ಪದ್ಧತಿ ಇತ್ತು: ಮೇಲಿನವರ ಮನೆಯ ಕೂದಲು, ಉಗುರು ಬೆರೆಸಿದ ಅನ್ನ ಕೊರಗರಿಗೆ ತಿನ್ನಿಸಿ ತಮ್ಮ ಕೇಡು ಕಳಕೊಳ್ಳೋದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. 1900 ಅಲ್ಲ, 2000. ನಗಬೇಡ್ರಿ ಅವರನ್ನ ನೋಡಿ. ನಮ್ಮ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲೇ ದೇವದಾಸಿ ಕಾಯ್ದೆ ಬಂದಿತ್ತು, 1982ರಲ್ಲಿ ಕರ್ನಾಟಕ ಮತ್ತೊಂದು ಮಾಡಿತು. ಆ ಎರಡರ ನಡುವೆಯೇ ನನ್ನ ದೊಡ್ಡವ್ವನಿಗೆ, ಅಂದ್ರೆ ಅವ್ವನ ಅಕ್ಕನಿಗೆ, ಮುತ್ತು ಕಟ್ಟಿದ್ದರು. ಕಾಯ್ದೆ ಇತ್ತು, ಗುಡ್ಡವೂ ಇತ್ತು. ಅವ್ವ ಗುಡ್ಡಕ್ಕೆ ಹೋದಾಗಲೆಲ್ಲ ಯಾಕೆ ಸುಮ್ಮನಿರುತ್ತಿದ್ದಳು ಅಂತ ನನಗೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಈ ಪ್ರವಾಸದ ಮುಖ್ಯ ಜಾಗ ನನಗೆ ಬೇರೆ ಇತ್ತು. ಅತ್ತಾವರದ ಬಾಬುಗುಡ್ಡೆ. ಆಟೋ ಅಣ್ಣನಿಗೆ ಬಾಬುಗುಡ್ಡೆ ಗೊತ್ತಿತ್ತು, ಸಮಾಧಿ ಗೊತ್ತಿರಲಿಲ್ಲ, ಎರಡು ಕಡೆ ಕೇಳಿ ಮುಟ್ಟಿದ್ವಿ. ಕುದ್ಮುಲ್ ರಂಗರಾಯರ ಸಮಾಧಿ.

ನಮ್ಮ ಕಡೆ ಈ ಹೆಸರು ಗೊತ್ತಿರುವವರು ಕಡಿಮೆ, ಅದಕ್ಕೇ ಸ್ವಲ್ಪ ಹೇಳ್ತೀನಿ. 1859ರಲ್ಲಿ ಈಗಿನ ಕಾಸರಗೋಡಿನ ಕುದ್ಮುಲ್‌ನಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು, ಬ್ರಹ್ಮಸಮಾಜಕ್ಕೆ ಸೇರಿದವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆರೆದರು. ಬಾಬಾಸಾಹೇಬರಿಗೆ ಆಗ ಒಂದು ವರ್ಷ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ, ಮಧ್ಯಾಹ್ನದ ಊಟ ಕೊಡುತ್ತಿದ್ದರು ಅನ್ನುತ್ತಾರೆ. ಬಿಸಿಯೂಟದ ಹೆಸರೇ ಇಲ್ಲದ ಕಾಲ. ಅವರ ಜಾತಿಯವರು ಬಹಿಷ್ಕಾರ ಹಾಕಿದರು. 1928ರಲ್ಲಿ ತೀರಿಕೊಂಡರು. ಮಗಳು ರಾಧಾಬಾಯಿಯನ್ನು ಜಾತಿ ಬಿಟ್ಟು ಮದುವೆ ಮಾಡಿಕೊಟ್ಟರು, ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ ಆದರು. ಇದೇ ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು. ಅದೇ ಪರಿಷತ್ತಿಗೆ ನಮ್ಮ ಪ್ರತಿನಿಧಿಯಾಗಿ ಬಾಬಾಸಾಹೇಬರು ಹೋಗಿದ್ದು ನಿಮಗೆಲ್ಲ ಗೊತ್ತು.

'ಉದ್ಧಾರ' ಅನ್ನೋ ಮಾತು ನನಗೆ ಹಿಡಿಸುವುದಿಲ್ಲ. ಎತ್ತುವ ಕೈ ಮೇಲೆ, ನಾವು ಕೆಳಗೆ ಅನ್ನೋದು ಅದರೊಳಗೇ ಕೂತಿರುತ್ತದೆ. ರಂಗರಾಯರ ಬಗ್ಗೆ ನಡೆಯುವ ಭಾಷಣಗಳಲ್ಲಿ 'ದಲಿತೋದ್ಧಾರಕ' ಅನ್ನೋದು ನೂರು ಸಲ ಬರುತ್ತದೆ, ಆ ಶಾಲೆಗೆ ಬೈಸಿಕೊಂಡು, ಕಲ್ಲು ಹೊಡೆಸಿಕೊಳ್ಳುವ ಭಯದಲ್ಲಿ ಬಂದ ಮಕ್ಕಳ ಮಾತು ಒಂದೂ ಬರುವುದಿಲ್ಲ. ಮೊದಲ ದಿನ ಮಗನನ್ನು ಕಳಿಸಿದ ಆ ತಾಯಿಗೆ ಎಷ್ಟು ಎದೆ ಬೇಕಿತ್ತು? ಹಂಗಂತ ಈ ಮನುಷ್ಯನನ್ನು ಬರೀ ದಯೆ ತೋರಿಸಿದವರ ಸಾಲಿಗೆ ಸೇರಿಸಲಾರೆ. ತನ್ನ ಜಾತಿ ಕೊಟ್ಟ ಸೌಕರ್ಯ ಕಳಕೊಂಡವರು ಕಡಿಮೆ, ವೇದಿಕೆ ಮೇಲೆ ಕಳಕೊಂಡವರೇ ಹೆಚ್ಚು.

ಅವರದ್ದೊಂದು ಆಸೆ ಇತ್ತು ಅಂತ ಹೇಳ್ತಾರೆ. ನಮ್ಮ ಮಗುವೊಂದು ಕಲಿತು, ನೌಕರಿ ಹಿಡಿದು, ಇದೇ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಗಾಲಿಯ ಧೂಳು ತನ್ನ ತಲೆಗೆ ತಾಗಬೇಕು, ಅಲ್ಲಿಗೆ ತನ್ನ ಬದುಕು ಸಾರ್ಥಕ ಅಂತ. ಇದನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಆಟೋದಾಗ ಬಂದೇವಲ್ಲ. ಆಟೋದ ಧೂಳ ನಡೀತೈತೇನು?" ಅಂದ್ಲು. ಹೆಂಡತಿ, ಮಗಳು ನಕ್ಕರು. ನನಗೆ ಯಾಕೋ ಗಂಟಲು ಕಟ್ಟಿತು. ನಾನು ಕಾರಕೂನ. ನಮ್ಮ ಮನೆತನದಲ್ಲಿ ಖುರ್ಚಿ ಮೇಲೆ ಕೂತು ಸಂಬಳ ಎಣಿಸಿದ ಮೊದಲನೆಯವ.

ಪುರಭವನಕ್ಕೆ ಇವರ ಹೆಸರಿಟ್ಟಿದ್ದಾರೆ, ಅದು ಒಳ್ಳೇದು. ಆದರೆ ಒಂದು ದಿನದಲ್ಲಿ ಮಂಗಳೂರು ಅಂತ ಮೊಬೈಲಿನಲ್ಲಿ ಹುಡುಕಿದರೆ ಬರುವ ಪಟ್ಟಿ ಬೀಚು, ಗುಡಿ, ಚರ್ಚು, ಐಸ್‌ಕ್ರೀಮು. ಸರಕಾರಿ ಶಾಲೆ ಮಕ್ಕಳನ್ನು 'ಚಿಣ್ಣರ ಕರ್ನಾಟಕ ದರ್ಶನ'ಕ್ಕೆ ಕರೆದುಕೊಂಡು ಹೋಗ್ತಾರಲ್ಲ, ಆ ಬಸ್ಸು ಕರಾವಳಿಗೆ ಹೋದಾಗ ಬಾಬುಗುಡ್ಡೆ ಮುಂದೆ ಹತ್ತು ನಿಮಿಷ ನಿಂತರೆ ಡೀಸೆಲ್ ಎಷ್ಟು ಸುಟ್ಟೀತು? ಬಿಇಓ ಕಚೇರಿಗೆ ಒಂದು ಮನವಿ ಬರೆದಿಟ್ಟಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿನ ಸಂಗಾತಿಗಳು ಸಹಿ ಹಾಕಿದರೆ ತೂಕ ಬರ್ತದ.

ಮಧ್ಯಾಹ್ನ ಬಂದರಿನ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಮೀನೂಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. "ಇಷ್ಟು ದಪ್ಪ ಅಕ್ಕಿ, ಜೋಳದ ನುಚ್ಚು ಇದ್ದಂಗ ಐತಿ" ಅಂತ ಅವ್ವ ಎರಡು ಸಲ ಹಾಕಿಸಿಕೊಂಡಳು. ನಮ್ಮೂರಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ನೀವು ವೆಜ್ ಏನ್ರಿ?" ಅಂತಾರೆ, ಕೇಳೋದು ಊಟದ ಬಗ್ಗೆ ಅಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಇಲ್ಲಿ ಎಲ್ಲರ ತಟ್ಟೆಯಲ್ಲೂ ಮೀನು ಇತ್ತು. ಹಂಗಂತ ಮಂಗಳೂರು ಸ್ವರ್ಗ ಅಂತ ನಾನು ಹೇಳಲ್ಲ, ಪೇಪರ್ ನಾವೂ ಓದ್ತೀವಿ.

ನಮ್ಮ ಮಾತು ಕೇಳಿ ಪಕ್ಕದ ಟೇಬಲಿನವನು ತಿರುಗಿದ. "ಯಾವೂರ್ರೀ ಅಣ್ಣಾರ?" ರಾಮದುರ್ಗ ತಾಲೂಕಿನವನು. ಎಂಟು ವರ್ಷದಿಂದ ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ. ಇಲ್ಲಿಯವರು ನಮ್ಮನ್ನೆಲ್ಲ ಘಟ್ಟದವರು ಅಂತಾರೆ. ಊರು ಬೆಳೆದಿದೆ ಅಂತ ನಾವು ತಲೆ ಎತ್ತಿ ನೋಡುವ ಆ ಹತ್ತಿಪ್ಪತ್ತು ಅಂತಸ್ತಿನ ಕಟ್ಟಡಗಳಿಗೆ ಕಬ್ಬಿಣ ಬಿಗಿದವರಲ್ಲಿ ನಮ್ಮ ಗದಗ, ಬಾಗಲಕೋಟೆ, ರಾಮದುರ್ಗದ ಮಂದಿ ಬಾಳ. ಬೀಚಿಗೆ ಹೋಗ್ತೀವಿ, ಬರ್ತೀಯೇನಪ್ಪಾ ಅಂದೆ. ಬಟವಡೆ ದಿನ, ನಿಲ್ಲಬೇಕು ಅಂದ. ಸಮುದ್ರ ನೋಡೀಯಿಲ್ಲೋ ಅಂತ ಅವ್ವ ಕೇಳಿದ್ಲು.

"ನೋಡೀನಿ ಬೇ. ಮ್ಯಾಲಿಂದ. ಹದಿನಾರನೇ ಸ್ಲ್ಯಾಬಿನಿಂದ ಛಂದ ಕಾಣಸ್ತೈತಿ."

ಅವ್ವ ಅವನ ತಟ್ಟೆಗೆ ತನ್ನ ಬುತ್ತಿಯ ರೊಟ್ಟಿ ಎರಡು ಹಾಕಿದ್ಲು. ಗೋವಾ ನೆನಪಾಗಿರಬೇಕು. ಅವನು ಹೋಟೆಲಿನವನ ಕಡೆ ನೋಡಿ, ನಕ್ಕು, ರೊಟ್ಟಿ ಮುರಿದ.

ಸಂಜೆ ಸುಲ್ತಾನ್ ಬತ್ತೇರಿ. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಗೋಪುರ, ನದಿಯಿಂದ ಬರುವ ಹಡಗಿನ ಮೇಲೆ ಕಣ್ಣಿಡಲು ಕಟ್ಟಿದ್ದು. ಐದು ನಿಮಿಷ ಸಾಕು. ಅಲ್ಲಿಂದ ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ. ಫೋಟೋ ನೀವು ನೋಡಿದ್ದೀರಿ. ಫೋಟೋದಲ್ಲಿ ಇಲ್ಲದ್ದು ಒಂದಿದೆ. ಅವ್ವ ಬೊಗಸೆಯಲ್ಲಿ ನೀರು ತಗೊಂಡು ಬಾಯಿಗೆ ಹಾಕಿ, ಥೂ ಅಂತ ಉಗುಳಿ, ನನ್ನ ಕಡೆ ತಿರುಗಿ, "ಖರೇನ ಉಪ್ಪು ಅದ ನೋಡೋ" ಅಂದ್ಲು. ಏಳನೇತ್ತಾದಾಗ ಆ ಹುಡುಗರು ಹೇಳಿದ್ದನ್ನ ಹತ್ತಿ ಹೊಲದಲ್ಲಿ ಅವ್ವನಿಗೆ ಹೇಳಿದ್ದೆ. ನಾನೇ ಮರೆತಿದ್ದೆ, ಆಕಿ ಮರೆತಿರಲಿಲ್ಲ. ಆಮೇಲೆ ಒಂದು ತಾಸು ಏನೂ ಮಾಡದೆ ಮರಳಿನಲ್ಲಿ ಕೂತಿದ್ಲು. ಏನೂ ಮಾಡದೆ ಅನ್ನೋದನ್ನ ಗಮನಿಸ್ರಿ. ಅವ್ವ ಒಂದು ತಾಸು ಕೈ ಖಾಲಿ ಇಟ್ಟುಕೊಂಡು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೌದು, ಐಸ್‌ಕ್ರೀಮ್ ಕೂಡ ತಿಂದ್ವಿ.

ಸಂಗಾತಿಗೆ ಇಷ್ಟೇ: ಧರಣಿಗೆ ಬರುವ ಬುಧವಾರ ರಜೆ ಹಾಕಿ ಬರ್ತೀನಿ, ಹೊಸ ಮನವಿಯ ಕರಡು ನಾನೇ ಟೈಪ್ ಮಾಡಿ ತರ್ತೀನಿ. ಮುಗಿದ ಮೇಲೆ ನೀನೂ ನಿಮ್ಮ ಅವ್ವನ್ನ ಕರಕೊಂಡು ಹೋಗಪ್ಪಾ. ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಿಟ್ಟರೆ ರವಿವಾರ ಬೆಳಿಗ್ಗೆ ಊರಿಗೆ ವಾಪಸ್. ನಿನ್ನ ಟಿಕೆಟ್ ಒಂದೇ ಖರ್ಚು. ಬಾಬುಗುಡ್ಡೆ ಅಂದರೆ ಆಟೋದವರಿಗೆ ತಿಳಿತದ, ಅಲ್ಲಿ ಇಳಿದು ಕುದ್ಮುಲ್ ರಂಗರಾವ್ ಸಮಾಧಿ ಅಂತ ಕೇಳು.

ರವಿವಾರ ಬೆಳಿಗ್ಗೆ ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಇಳಿದಾಗ ನಮ್ಮ ಓಣಿಯ ಕಾಕಿ ಎದುರಾದ್ಲು. ಅವ್ವನ ಕೈಯಲ್ಲಿ ಚೀಲ ನೋಡಿ, "ಏನ ಯಕ್ಕಾ, ಗುಡ್ಡಕ್ಕ ಹೋಗಿದ್ದೇನು? ಈಗ ಹುಣ್ಣಿಮೆ ಇಲ್ಲಲಾ" ಅಂದ್ಲು.

"ಗುಡ್ಡಕ್ಕಲ್ಲ, ಸಮುದ್ರ ನೋಡಾಕ."

"ಯಾಕ?"

ಅವ್ವ ನನ್ನ ಕಡೆ ನೋಡಿದ್ಲು, ನಾನು ಆಟೋ ಕರೆಯುತ್ತಿದ್ದೆ. "ಸುಮ್ಮನ" ಅಂದ್ಲು.